ಹಳೇ ಅಟ್ಲಾಸಿಗೂ ಮಗಳ ಗೇರ್ ಸೈಕಲ್ಲಿಗೂ ನಮ್ಮ ದೇಶದ್ದೇ ಬಿಡಿಭಾಗ ಸಿಗುತ್ತದಾ?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವನು. ಅಪ್ಪ ಓಡಿಸುತ್ತಿದ್ದ 22 ಇಂಚಿನ ಅಟ್ಲಾಸ್ ಸೈಕಲ್ ಕೊಟ್ಟಿಗೆಯ ಮೂಲೆ ಸೇರಿತ್ತು. ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದಿದ್ದೇನೆ. ಮಗಳ 21 ಗೇರಿನ, 26 ಇಂಚಿನ ಸೈಕಲ್ಲಿಗೂ ಹಿಂದಿನ ಗೇರ್, ಫ್ರೀವೀಲ್ (ಹಿಂದಿನ ಚಕ್ರದ ಹಲ್ಲುಚಕ್ರ), ಚೈನ್ ಹೊಸತು ಬೇಕು. ಎರಡಕ್ಕೂ ಭಾರತದಲ್ಲೇ ತಯಾರಾದ ಸಾಮಾನು ಹಾಕಬೇಕೆಂದು ಆಸೆ. ಆನ್‌ಲೈನ್‌ನಲ್ಲಿ ನೋಡಿದರೆ ಹೆಚ್ಚಿನದು ಚೀನಾದ್ದು. ಅಂಗಡಿಯವರು ‘ಇದು ಇಂಡಿಯಾದ್ದೇ’ ಎನ್ನುತ್ತಾರೆ, ಆದರೆ ಡಬ್ಬದ ಮೇಲೆ ಹೆಸರೇ ಇರುವುದಿಲ್ಲ. ಗುರುತಿಸುವುದು ಹೇಗೆ? ಎಲ್ಲಿಂದ ತರಿಸುವುದು? ನಮ್ಮ ಮಳೆಗೂ ಗುಡ್ಡಕ್ಕೂ ಅವು ತಾಳುತ್ತವೆಯೇ?

ಉತ್ತರ: ನಿಮ್ಮದು ಎರಡು ಸೈಕಲ್, ಹಾಗಾಗಿ ಉತ್ತರವೂ ಎರಡು. ಅಟ್ಲಾಸಿಗೆ ಬೇಕಾದ ಎಲ್ಲ ಸಾಮಾನೂ ಇವತ್ತಿಗೂ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಟಯರು, ಟ್ಯೂಬು, ಕಡ್ಡಿ, ರಿಮ್ಮು, ಹಬ್ಬು (ಚಕ್ರದ ನಡುಭಾಗ), ಚೈನು, ಫ್ರೀವೀಲು, ಸೀಟು, ಬೆಲ್ಲು, ಯಾವುದಕ್ಕೂ ಹೊರದೇಶದ ಮುಖ ನೋಡಬೇಕಾಗಿಲ್ಲ. ಮಗಳ ಸೈಕಲ್ಲಿನಲ್ಲಿ ಉರುಳುವ, ಭಾರ ಹೊರುವ, ಬ್ರೇಕ್ ಹಿಡಿಯುವ ಭಾಗಗಳಲ್ಲಿ ಹೆಚ್ಚಿನವು ನಮ್ಮಲ್ಲಿ ಸಿಗುತ್ತವೆ. ಗೇರ್ ಬದಲಾಯಿಸುವ ಭಾಗಗಳು ಮಾತ್ರ ಸಿಗುವುದಿಲ್ಲ ಅಂತಲೇ ಲೆಕ್ಕ ಇಟ್ಟುಕೊಳ್ಳಿ.

ಆದ್ದರಿಂದ ‘ದೇಶೀ ಸೈಕಲ್’ ಅಂತ ಇಡಿಯಾಗಿ ಹುಡುಕುವುದು ಬಿಡಿ. ಒಂದೊಂದೇ ಭಾಗವನ್ನು ಹಿಡಿದು ಹುಡುಕಿ. ಫ್ರೇಮಿನ ಮೇಲೆ ‘ಮೇಡ್ ಇನ್ ಇಂಡಿಯಾ’ ಚೀಟಿ ಇರುವ ಸೈಕಲ್ಲಿನಲ್ಲಿ ಗೇರ್ ಹೊರಗಿನದ್ದಿರಬಹುದು. ಹೊರದೇಶದ ಹೆಸರಿರುವ ಸೈಕಲ್ಲಿನಲ್ಲಿ ಟಯರು ಲುಧಿಯಾನದ್ದಿರಬಹುದು. ಫ್ರೇಮಿನ ಮೇಲಿನ ಹೆಸರನ್ನು ನಂಬಿದರೆ ಎರಡೂ ಕಡೆ ಮೋಸ ಹೋಗುತ್ತೇವೆ.

ಯಾವುದು ಎಲ್ಲಿ ತಯಾರಾಗುತ್ತದೆ ಎಂದು ಗೊತ್ತಿದ್ದರೆ ಹುಡುಕುವುದು ಸುಲಭ. ಪಂಜಾಬಿನ ಲುಧಿಯಾನವೇ ಇದರ ತವರು. ಹೀರೋ, ಏವನ್ ಥರದ ದೊಡ್ಡ ಕಾರ್ಖಾನೆಗಳು ಅಲ್ಲಿವೆ. ಅವುಗಳ ಸುತ್ತ ಒಂದೊಂದೇ ಭಾಗ ಮಾಡುವ ಸಣ್ಣ ಘಟಕಗಳು ಲೆಕ್ಕವಿಲ್ಲದಷ್ಟು. ಒಬ್ಬರು ಬರೇ ಪೆಡಲ್ ಮಾಡುತ್ತಾರೆ. ಇನ್ನೊಬ್ಬರದ್ದು ಬರೇ ಹಬ್ಬಿನ ಕೋನ್. ಮತ್ತೊಬ್ಬರದ್ದು ಕ್ರೋಮ್ ಹಾಕುವ ಕೆಲಸ ಮಾತ್ರ. ಹೀರೋ ಸೈಕಲ್ಸ್ ಶುರುವಾದದ್ದು 1956ರಲ್ಲಿ. ಅದನ್ನು ಕಟ್ಟಿದ ಮುಂಜಾಲ್ ಸಹೋದರರು ಅದಕ್ಕೂ ಮೊದಲು ಸೈಕಲ್ ಬಿಡಿಭಾಗಗಳ ವ್ಯಾಪಾರದಲ್ಲಿದ್ದವರು. ಅಂದರೆ ಆ ಊರಿನಲ್ಲಿ ಬಿಡಿಭಾಗ ಮೊದಲು ಬಂತು, ಸೈಕಲ್ ಆಮೇಲೆ.

ನಮಗೆ ಹತ್ತಿರದ್ದು ಚೆನ್ನೈ. ಅಲ್ಲಿನ ಅಂಬತ್ತೂರಿನಲ್ಲಿ ಮುರುಗಪ್ಪ ಗುಂಪಿನ ಟಿ.ಐ. ಸೈಕಲ್ಸ್ ಇದೆ. 1949ರಲ್ಲಿ ಶುರುವಾದ ಸಂಸ್ಥೆ. ಬಿಎಸ್‌ಎ, ಹರ್ಕ್ಯುಲಿಸ್, ಫಿಲಿಪ್ಸ್ ಎಂಬ ಹೆಸರುಗಳು ಹುಟ್ಟಿದ್ದು ಇಂಗ್ಲೆಂಡಿನಲ್ಲಾದರೂ ನಮ್ಮ ಕಡೆ ಓಡಿದ ಈ ಹೆಸರಿನ ಸೈಕಲ್ಲುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬಂದವು. ‘ಡೈಮಂಡ್’ ಚೈನ್ ಮಾಡುವುದೂ ಅದೇ ಗುಂಪು. ಟಯರಿನಲ್ಲಿ ಲುಧಿಯಾನದ ರಾಲ್ಸನ್ ಮತ್ತು ಮೆಟ್ರೋ ದೊಡ್ಡ ಹೆಸರುಗಳು. ಹೈದರಾಬಾದಿನ ಹಾರ್ಟೆಕ್ಸ್ ಇನ್ನೊಂದು. ಈ ಮೂರರಲ್ಲಿ ಯಾವುದು ಸಿಕ್ಕಿದರೂ ಕಣ್ಣು ಮುಚ್ಚಿ ಹಾಕಿಸಬಹುದು. ದೇಶದ ಸ್ವಾಭಾವಿಕ ರಬ್ಬರಿನಲ್ಲಿ ಬಹುಪಾಲು ಬರುವುದು ಕೇರಳದಿಂದ. ನಮ್ಮ ಮೂಡು ಗುಡ್ಡದ ತೋಟದ ಶೀಟೂ ಅದರಲ್ಲಿ ಸೇರಿರುತ್ತದೆ. ಅದು ಅಷ್ಟು ದೂರ ಹೋಗಿ, ಟಯರಾಗಿ, ವಾಪಸು ನಮ್ಮ ಅಂಗಡಿಗೆ ಬರುತ್ತದೆ. ಇಲ್ಲೇ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತದೆ, ಅಲ್ವಾ? ಇರಲಿ.

ಈಗ ಗುರುತಿಸುವ ವಿಷಯ. ಪೊಟ್ಟಣದಲ್ಲಿ ಮಾರುವ ಸಾಮಾನಿಗೆ ಲೀಗಲ್ ಮೆಟ್ರಾಲಜಿಯ, ಅಂದರೆ ತೂಕ-ಅಳತೆ ಕಾನೂನಿನ, 2011ರ ನಿಯಮಗಳು ಅನ್ವಯಿಸುತ್ತವೆ. ತಯಾರಿಸಿದವರ, ಪ್ಯಾಕ್ ಮಾಡಿದವರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು, ವರ್ಷ, ಎಂ.ಆರ್.ಪಿ. ಇರಲೇಬೇಕು. ಹೊರಗಿನಿಂದ ಬಂದದ್ದಾದರೆ ಯಾವ ದೇಶದ್ದು ಅಂತಲೂ ಬರೆಯಬೇಕು. ಆನ್‌ಲೈನ್ ಮಾರಾಟದ ಪುಟದಲ್ಲೂ ತಿಂಗಳು, ವರ್ಷ ಬಿಟ್ಟು ಉಳಿದ ವಿವರ ಕಾಣಬೇಕು. ಸಾಮಾನ್ಯವಾಗಿ ಎಲ್ಲಕ್ಕಿಂತ ಕೆಳಗೆ, ಒತ್ತಿದರೆ ಮಾತ್ರ ತೆರೆಯುವ ಜಾಗದಲ್ಲಿ ಇಟ್ಟಿರುತ್ತಾರೆ.

ಚೀಟಿಯನ್ನು ಓದುವುದಕ್ಕೂ ಒಂದು ಅಭ್ಯಾಸ ಬೇಕು. ‘ಮ್ಯಾನುಫ್ಯಾಕ್ಚರ್ಡ್ ಬೈ’ ಅಂತ ಇದ್ದರೆ ತಯಾರಿಸಿದವರು. ‘ಮಾರ್ಕೆಟೆಡ್ ಬೈ’ ಅಂದರೆ ಮಾರುವವರು. ‘ಪ್ಯಾಕ್ಡ್ ಬೈ’ ಅಂದರೆ ಡಬ್ಬಕ್ಕೆ ತುಂಬಿಸಿದವರು. ಬರೇ ಎರಡನೆಯದೋ ಮೂರನೆಯದೋ ಇದ್ದು ಮೊದಲನೆಯದು ಇಲ್ಲದಿದ್ದರೆ ಸಾಮಾನು ಎಲ್ಲಿಂದ ಬಂತು ಎಂದು ಅಂಗಡಿಯವರನ್ನು ಕೇಳಿ. ‘ಜಪಾನ್ ಟೆಕ್ನಾಲಜಿ’, ‘ಜರ್ಮನ್ ಡಿಸೈನ್’ ಎಂಬ ಮಾತುಗಳಿಗೆ ಬೆಲೆಯೇ ಇಲ್ಲ. ಅವು ದೇಶವನ್ನು ಹೇಳುವುದಿಲ್ಲ, ಮರೆಸುತ್ತವೆ. ತ್ರಿವರ್ಣದ ಬಣ್ಣ ಬಳಿದ ಡಬ್ಬವೂ ಹಾಗೆಯೇ.

ಐಎಸ್‌ಐ ಗುರುತು ಇದ್ದರೆ ಒಳ್ಳೆಯದು. ಸೈಕಲ್ ಟಯರಿಗೆ ಐಎಸ್ 2414, ಟ್ಯೂಬಿಗೆ ಐಎಸ್ 2415 ಎಂಬ ಮಾನಕಗಳಿವೆ. ಆದರೆ ಈ ಗುರುತು ಹೇಳುವುದು ಗುಣಮಟ್ಟವನ್ನು. ಈ ಗುರುತು ಕೊಡುವ ಸರಕಾರಿ ಸಂಸ್ಥೆ ಬಿಐಎಸ್ ಹೊರದೇಶದ ಕಾರ್ಖಾನೆಗೂ ಪರವಾನಗಿ ಕೊಡುತ್ತದೆ. ಹಾಗಾಗಿ ಗುರುತಿನ ಜೊತೆಗಿರುವ ‘ಸಿಎಂ/ಎಲ್’ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಪರವಾನಗಿ ಯಾರ ಹೆಸರಿನಲ್ಲಿದೆ, ವಿಳಾಸ ಎಲ್ಲಿಯದು ಎಂದು ತೋರಿಸುತ್ತದೆ. ಎರಡು ನಿಮಿಷದ ಕೆಲಸ.

ಇನ್ನೊಂದು ದಾರಿ ಇದೆ, ಹೆಚ್ಚಿನವರು ಇದನ್ನು ಬಳಸುವುದಿಲ್ಲ. ಇಂಡಿಯಾಮಾರ್ಟ್ ಥರದ ಸಗಟು ವ್ಯಾಪಾರದ ಜಾಲತಾಣಗಳಲ್ಲಿ ಪ್ರತಿಯೊಬ್ಬರೂ ತಮ್ಮನ್ನು ತಯಾರಕರು ಅಂತಲೇ ಹಾಕಿಕೊಳ್ಳುತ್ತಾರೆ. ಅವರ ಜಿಎಸ್‌ಟಿ ಸಂಖ್ಯೆ ತೆಗೆದುಕೊಳ್ಳಿ. ಮೊದಲ ಎರಡು ಅಂಕಿ ರಾಜ್ಯದ್ದು. ಪಂಜಾಬಿಗೆ 03, ಹರಿಯಾಣಕ್ಕೆ 06, ದೆಹಲಿಗೆ 07, ಕರ್ನಾಟಕಕ್ಕೆ 29, ಕೇರಳಕ್ಕೆ 32, ತಮಿಳುನಾಡಿಗೆ 33, ತೆಲಂಗಾಣಕ್ಕೆ 36. ಆ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಯಾರು ಬೇಕಾದರೂ ಹುಡುಕಬಹುದು, ಲಾಗಿನ್ ಬೇಡ. ವ್ಯವಹಾರದ ಸ್ವರೂಪ ಏನು ಎಂದು ಅಲ್ಲಿ ಬರುತ್ತದೆ. ಕಾರ್ಖಾನೆ, ಸಗಟು, ಚಿಲ್ಲರೆ, ಆಮದು ಹೀಗೆ. ‘ನಾವೇ ತಯಾರಕರು’ ಎನ್ನುವವರ ಹೆಸರಿನ ಮುಂದೆ ಬರೇ ಸಗಟು ಮತ್ತು ಆಮದು ಅಂತ ಇದ್ದರೆ ವಿಷಯ ಗೊತ್ತಾಯಿತಲ್ಲ!

ಬಿಡಿಯಾಗಿ, ಗೋಣಿಯಲ್ಲಿ ಬರುವ ಸಾಮಾನಿಗೆ ಚೀಟಿಯೇ ಇರುವುದಿಲ್ಲ. ಅಲ್ಲಿ ಲೋಹದ ಮೇಲಿನ ಅಚ್ಚು ನೋಡಬೇಕು. ಒಳ್ಳೆಯ ಫ್ರೀವೀಲಿನ ಮುಖದ ಮೇಲೆ, ಚೈನಿನ ಕೊಂಡಿಯ ಮೇಲೆ, ಪೆಡಲಿನ ಆಕ್ಸಲ್ ತುದಿಯಲ್ಲಿ ಹೆಸರು ಹೊಡೆದಿರುತ್ತಾರೆ. ಟಯರಿನ ಪಕ್ಕದಲ್ಲಿ ಹೆಸರಿನ ಜೊತೆ ದೇಶವನ್ನೂ ಉಬ್ಬು ಅಕ್ಷರದಲ್ಲಿ ಕೊಡುವುದು ರೂಢಿ. ಹೆಸರೇ ಹಾಕಲು ಒಪ್ಪದ ತಯಾರಕನ ಸಾಮಾನನ್ನು ನಾನು ಹಾಕುವುದಿಲ್ಲ. ಅದು ಲುಧಿಯಾನದ್ದಾಗಿದ್ದರೂ ಸರಿಯೇ.

ಇನ್ನು ನಿಮ್ಮ ಅಟ್ಲಾಸ್. ಈ ಕಂಪನಿ 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿತು. ದೆಹಲಿ ಪಕ್ಕದ ಸಾಹಿಬಾಬಾದಿನ ಅದರ ಕಾರ್ಖಾನೆ 2020ರ ಜೂನ್ 3ರಂದು ನಿಂತುಹೋಯಿತು. ಅದು ವಿಶ್ವ ಸೈಕಲ್ ದಿನ! ಕಂಪನಿಯ ಕಥೆ ಹೀಗಾದರೂ ನಿಮಗೆ ತೊಂದರೆಯಿಲ್ಲ. ನಮ್ಮ ಹಳೇ ಕರಿ ಸೈಕಲ್ಲುಗಳೆಲ್ಲ ಒಂದೇ ಇಂಗ್ಲಿಷ್ ಅಳತೆಯ ಮೇಲೆ ಬಂದವು. ಅಟ್ಲಾಸಿನ ಫೋರ್ಕಿಗೆ ಹೀರೋದ ಚಕ್ರ ಕೂರುತ್ತದೆ. ಹರ್ಕ್ಯುಲಿಸಿನ ಚೈನ್‌ವೀಲು (ಪೆಡಲಿನ ಹತ್ತಿರದ ದೊಡ್ಡ ಹಲ್ಲುಚಕ್ರ) ಅಟ್ಲಾಸಿಗೆ ಆಗುತ್ತದೆ. ಇವತ್ತಿನ ದುಬಾರಿ ಸೈಕಲ್ಲುಗಳಿಗೆ ಇಲ್ಲದ ಸೌಕರ್ಯ ಇದು.

ಟಯರಿನಿಂದ ಶುರು ಮಾಡಿ. ನೀವು ಹೇಳಿದ 22 ಇಂಚು ಫ್ರೇಮಿನ ಎತ್ತರ, ಟಯರು 28 × 1½ ಇರಬೇಕು. ಹಳೇ ಟಯರಿನ ಪಕ್ಕ ಉಜ್ಜಿ ಓದಿ. ಇದರ ಅಂತರರಾಷ್ಟ್ರೀಯ ಅಳತೆ 40-635, ಅಂದರೆ ಟಯರು ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ 635 ಮಿ.ಮೀ. ಈಗಿನ ಸಿಟಿ ಸೈಕಲ್ಲಿನ 700ಸಿ ಟಯರಿನದ್ದು 622. ಕೆಲವರು ಅದನ್ನೂ ‘28 ಇಂಚು’ ಅಂತಲೇ ಕರೆಯುತ್ತಾರೆ. ಬರೇ 13 ಮಿ.ಮೀ. ವ್ಯತ್ಯಾಸ, ಆದರೆ ಎಷ್ಟು ಒದ್ದಾಡಿದರೂ ಕೂರುವುದಿಲ್ಲ. 26 ಇಂಚಿನಲ್ಲಿ ಈ ಗೊಂದಲ ಇನ್ನೂ ಜಾಸ್ತಿ. ಹಳೇ 26 × 1⅜ ಟಯರಿಗೆ 590 ಮಿ.ಮೀ., ಮಗಳ ಸೈಕಲ್ಲಿನ 26 × 1.95 ಟಯರಿಗೆ 559. ಹೆಸರು ಒಂದೇ, ಅಳತೆ ಬೇರೆ. ಆನ್‌ಲೈನ್ ತರಿಸುವಾಗ ಇಂಚು ನೋಡಬೇಡಿ, ಈ ಮೂರಂಕಿ ನೋಡಿ.

ಕಡ್ಡಿಯ ಲೆಕ್ಕವೂ ಹಳೇ ಇಂಗ್ಲಿಷ್ ಪದ್ಧತಿಯದೇ. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ರಿಮ್ಮು, ಹಬ್ಬು ಕೊಳ್ಳುವಾಗ ತೂತು ಎಣಿಸಿ. ಈಗಿನ ಹೆಚ್ಚಿನ ಸೈಕಲ್ಲುಗಳದ್ದು ಎರಡೂ ಕಡೆ 36. ಅಂಗಡಿಯವರು ಅದನ್ನೇ ಕೊಟ್ಟುಬಿಡುತ್ತಾರೆ, ಆಮೇಲೆ ಒಂದೂ ಹೊಂದುವುದಿಲ್ಲ. ಹಬ್ಬಿನ ಬಾಲ್ಸ್ ಮುಂದೆ 3/16 ಇಂಚು, ಹಿಂದೆ ¼ ಇಂಚು. ಪೆಡಲಿನ ಎರಡು ಕೈಗಳನ್ನು ಜೋಡಿಸುವ ಆಕ್ಸಲ್ ಕೂರುವ ಬಿ.ಬಿ.ಯಲ್ಲೂ (ಬಾಟಮ್ ಬ್ರ್ಯಾಕೆಟ್) ¼. ಬಾಲ್ಸ್ ಅಗ್ಗ. ಅವು ಉರುಳುವ ಕೋನ್ ಮತ್ತು ಕಪ್ (ಬಟ್ಟಲು) ಚೆನ್ನಾಗಿದ್ದರೂ ಬಾಲ್ಸ್ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಹಳತು ಹೊಸತು ಬೆರೆಸಿದರೆ ಭಾರವೆಲ್ಲ ಹೊಸದರ ಮೇಲೆಯೇ ಬೀಳುತ್ತದೆ.

ಬಿ.ಬಿ. ಬಿಚ್ಚುವಾಗ ಒಂದು ಎಚ್ಚರಿಕೆ. ಚೈನ್ ಇರುವ ಬಲಗಡೆಯ ಕಪ್ಪಿನ ಥ್ರೆಡ್ ಉಲ್ಟಾ. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಎಡಗಡೆಯ ಪೆಡಲೂ ಹಾಗೆಯೇ. ತುಕ್ಕು ಹಿಡಿದಿದೆ ಅಂತ ಭಾವಿಸಿ ಪೈಪ್ ಹಾಕಿ ತಿರುಗಿಸಿ ಕಪ್ಪಿನ ಥ್ರೆಡ್ ಹಾಳುಮಾಡಿದವರು ತುಂಬಾ ಜನ. ಮೊದಲು ಡೀಸೆಲ್ ಹಾಕಿ ಒಂದು ರಾತ್ರಿ ಬಿಡಿ.

ಹಳೇ ಸೈಕಲ್ಲಿನಲ್ಲಿ ನನಗೆ ಸಮಾಧಾನವಿಲ್ಲದ ದೇಶೀ ಭಾಗ ಒಂದೇ, ಕಾಟರ್ ಪಿನ್. ಪೆಡಲಿನ ಕೈಯನ್ನು (ಕ್ರ್ಯಾಂಕ್) ಆಕ್ಸಲಿಗೆ ಹಿಡಿದಿಡುವ ಆ ಸಣ್ಣ ಓರೆ ಮೊಳೆ. ಈಗ ಬರುವ ಹೆಚ್ಚಿನವು ಮೆತ್ತಗಿನ ಉಕ್ಕಿನವು. ಗುಡ್ಡ ಹತ್ತುವಾಗ ಎದ್ದು ನಿಂತು ತುಳಿದರೆ ಅದರ ಮೈ ಚಪ್ಪಟೆಯಾಗುತ್ತದೆ. ಆಮೇಲೆ ಪ್ರತಿ ಸುತ್ತಿಗೂ ಟಕ್ ಟಕ್ ಸದ್ದು. ಎರಡು ಬೇಕಾದಲ್ಲಿ ನಾಲ್ಕು ಕೊಳ್ಳಿ. ಹಳೇ ಪಿನ್ನನ್ನು ಮಾದರಿಗೆ ಜೇಬಿನಲ್ಲಿಟ್ಟುಕೊಂಡು ಹೋಗಿ. ಓರೆಯ ಕಡೆಯನ್ನು ಅರದಿಂದ ಉಜ್ಜಿ, ಆಕ್ಸಲಿನ ಕಚ್ಚಿಗೆ ಪೂರ್ತಿ ತಾಗುವ ಹಾಗೆ ಮಾಡಬೇಕು. ಸುತ್ತಿಗೆಯಿಂದ ಬಡಿದು ಕೂರಿಸಬೇಕು, ಆಮೇಲೆ ನಟ್ಟು ಬಿಗಿಯಬೇಕು. ನಟ್ಟಿನಿಂದಲೇ ಎಳೆದರೆ ಥ್ರೆಡ್ ಹೋಗುತ್ತದೆ. ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಬಡಿದು ಬಿಗಿಯಿರಿ. ಈ ಕೆಲಸ ಬಲ್ಲ ಹಳೇ ಮೆಕ್ಯಾನಿಕ್ ನಿಮ್ಮ ಪೇಟೆಯಲ್ಲಿದ್ದರೆ ಬಿಡಬೇಡಿ.

ಗುಡ್ಡದ ಪ್ರಶ್ನೆಗೆ ಬರೋಣ. ಮುಳ್ಳೇರಿಯ, ಪೆರ್ಲ ಕಡೆ ಒಂದೇ ಗೇರಿನ ಸೈಕಲ್ಲಿನಲ್ಲಿ ಹೋಗುವುದು ಕಷ್ಟವೇ. ಆದರೆ ಕಷ್ಟವನ್ನು ಕಮ್ಮಿ ಮಾಡಲು ದೇಶೀ ಸಾಮಾನಿನಲ್ಲೇ ಉಪಾಯವಿದೆ. ಕಾರ್ಖಾನೆಯಿಂದ ಬರುವಾಗ ಹಿಂದಿನ ಫ್ರೀವೀಲು ಸಾಮಾನ್ಯವಾಗಿ 18 ಹಲ್ಲಿನದ್ದು. ಮುಂದೆ ಚೈನ್‌ವೀಲು 44 ಹಲ್ಲಿನದ್ದು ಅಂತ ಇಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ 2.44 ಸುತ್ತು ಹೋಗುತ್ತದೆ, ಸೈಕಲ್ ಸುಮಾರು ಐದೂವರೆ ಮೀಟರ್ ಮುಂದೆ. ಅದೇ ಜಾಗಕ್ಕೆ 22 ಹಲ್ಲಿನ ಫ್ರೀವೀಲು ಹಾಕಿದರೆ ಸರಿಯಾಗಿ 2 ಸುತ್ತು, ಸುಮಾರು ನಾಲ್ಕೂವರೆ ಮೀಟರ್. ಕಾಲಿನ ಮೇಲಿನ ಒತ್ತಡ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ. ಸಮತಟ್ಟಿನಲ್ಲಿ ವೇಗ ಸ್ವಲ್ಪ ಕಮ್ಮಿ ಅಷ್ಟೆ. ಅಡಿಕೆ ಚೀಲ ಹೇರಿಕೊಂಡು ಹೋಗುವವರಿಗೆ ಅದೇನು ದೊಡ್ಡ ನಷ್ಟವಲ್ಲ.

20, 22 ಹಲ್ಲಿನ ಫ್ರೀವೀಲನ್ನು ಹೇಳಿ ತರಿಸಬೇಕಾಗಬಹುದು. ಥ್ರೆಡ್ ಅಳತೆ ಒಂದೇ ಆದ್ದರಿಂದ ಅದೇ ಹಬ್ಬಿಗೆ ಹತ್ತುತ್ತದೆ. ನಾಲ್ಕು ಹಲ್ಲು ಜಾಸ್ತಿಯಾದರೆ ಚೈನು ಸುಮಾರು ಒಂದು ಇಂಚು ಹೆಚ್ಚು ಬೇಕು. ಹಿಂದಿನ ಚಕ್ರವನ್ನು ಅರ್ಧ ಇಂಚು ಮುಂದೆ ಸರಿಸಲು ಜಾಗವಿದ್ದರೆ ಹಳೇ ಚೈನೇ ಸಾಕು. ಹಳೇ ಚೈನ್ ಇಟ್ಟುಕೊಳ್ಳುವ ಮೊದಲು ಅಳೆಯಿರಿ. ಉಕ್ಕಿನ ಸ್ಕೇಲ್ ಹಿಡಿದು ಒಂದು ಪಿನ್ನಿನಿಂದ ಶುರುಮಾಡಿ 24 ಕೊಂಡಿ ಎಣಿಸಿ. ಹೊಸತಾದರೆ ಸರಿಯಾಗಿ 12 ಇಂಚು. 12 ಇಂಚು ದಾಟಿ 1/16 ಹೋಗಿದ್ದರೆ ಬದಲಾಯಿಸುವ ಸಮಯ. 1/8 ಹೋಗಿದ್ದರೆ ಫ್ರೀವೀಲಿನ ಹಲ್ಲೂ ಸವೆದಿರುತ್ತದೆ, ಎರಡನ್ನೂ ಒಟ್ಟಿಗೆ ತೆಗೆಯಿರಿ.

ಮಳೆಯೇ ನಮ್ಮ ಕಡೆ ನಿಜವಾದ ಪರೀಕ್ಷೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಕುಂಬಳೆ, ಉಪ್ಪಳದ ಕರಾವಳಿಯಲ್ಲಿ ಉಪ್ಪು ಗಾಳಿ ಬೇರೆ. ಲುಧಿಯಾನದವರು ಮಾಡುವ ಸಾಮಾನಿನ ಉಕ್ಕು ಗಟ್ಟಿ, ಮೇಲಿನ ಲೇಪ ತೆಳ್ಳಗೆ. ಪಂಜಾಬಿನ ಒಣ ಗಾಳಿಗೆ ಅದು ಸಾಕಾಗುತ್ತದೆ, ನಮ್ಮ ಆಟಿಯ ಮಳೆಗೆ ಸಾಲದು. ಅಂಗಡಿಯಲ್ಲಿ ‘ಯುಸಿಪಿ’ ಕಡ್ಡಿ ಅಂತ ಕೊಡುವುದೂ ಲೇಪ ಹಾಕಿದ ಮಾಮೂಲಿ ಉಕ್ಕಿನದ್ದೇ. ಸ್ಟೇನ್‌ಲೆಸ್ ಕಡ್ಡಿ ಸಿಕ್ಕಿದರೆ ಜಾಸ್ತಿ ದುಡ್ಡಾದರೂ ತೆಗೆದುಕೊಳ್ಳಿ. ಸಿಗದಿದ್ದರೆ ಜೋಡಿಸುವ ಮೊದಲೇ ಕಡ್ಡಿಯ ಥ್ರೆಡ್ಡಿಗೂ ನಿಪ್ಪಲಿಗೂ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಸಣ್ಣ ನಟ್ಟು) ಗ್ರೀಸ್ ಮುಟ್ಟಿಸಿ. ತುಕ್ಕು ಹಿಡಿದು ನಿಪ್ಪಲ್ ಕೂತುಬಿಟ್ಟರೆ ಆಮೇಲೆ ಚಕ್ರದ ಬೆಂಡ್ ತೆಗೆಯಲು ಆಗುವುದಿಲ್ಲ.

ಚೈನಿಗೆ ತೆಂಗಿನೆಣ್ಣೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ಮನೆಯಲ್ಲೇ ಇರುತ್ತದಲ್ಲ! ಬೇಡ. ಒಂದೇ ಮಳೆಗೆ ತೊಳೆದು ಹೋಗುತ್ತದೆ, ಬೇಸಿಗೆಯಲ್ಲಿ ಕೆಂಪು ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ಬೇಸಿಗೆಗೆ ಪರವಾಗಿಲ್ಲ. ಮಳೆಗಾಲಕ್ಕೆ ಅದಕ್ಕಿಂತ ದಪ್ಪದ್ದು, ಬೈಕಿಗೆ ಹಾಕುವ ಎಂಜಿನ್ ಆಯಿಲ್ ಆಗಬಹುದು. ಹಾಕಿದ ಮೇಲೆ ಹೊರಗಿನದ್ದನ್ನು ಬಟ್ಟೆಯಲ್ಲಿ ಒರೆಸಿ, ಒಳಗೆ ಇಳಿದದ್ದು ಮಾತ್ರ ಸಾಕು.

ಬ್ರೇಕಿನ ವಿಷಯ ಖಡಾಖಂಡಿತವಾಗಿ ಹೇಳಿಬಿಡುತ್ತೇನೆ. ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ಹಿಡಿಯುವುದಿಲ್ಲ. ಇದು ದೇಶೀ ಸಾಮಾನಿನ ದೋಷವಲ್ಲ, ಯಾವ ದೇಶದ ಕ್ರೋಮಾದರೂ ಇಷ್ಟೇ. ಅಟ್ಲಾಸಿನ ಕಂಬಿ ಬ್ರೇಕಿಗೆ ಹೊಸ ಬ್ರೇಕ್ ರಬ್ಬರ್ ಹಾಕಿಸಿ, ಮಳೆಯಲ್ಲಿ ಇಳಿಜಾರಿಗೆ ಮೊದಲೇ ಸ್ವಲ್ಪ ಹಿಡಿದು ರಿಮ್ಮಿನ ನೀರು ಒರೆಸಿಕೊಳ್ಳಿ. ಜೋರು ಮಳೆಯಲ್ಲಿ ದೊಡ್ಡ ಇಳಿಜಾರಿದ್ದರೆ ಇಳಿದು ತಳ್ಳಿಕೊಂಡು ಹೋಗಿ, ನಾಚಿಕೆಪಡಬೇಡಿ. ಮಗಳ ಸೈಕಲ್ಲಿನಲ್ಲಿ ಉಕ್ಕಿನ ರಿಮ್ಮು ಮತ್ತು ಪಕ್ಕದಿಂದ ಹಿಡಿಯುವ ವಿ-ಬ್ರೇಕ್ ಇದ್ದರೆ ಮೊದಲ ಖರ್ಚು ಗೇರಿಗಲ್ಲ, ಅಲಾಯ್ ರಿಮ್ಮಿಗೆ ಮಾಡಿ. ಅಲಾಯ್ ರಿಮ್ಮು ನಮ್ಮ ದೇಶದಲ್ಲೂ ತಯಾರಾಗುತ್ತದೆ.

ಈಗ ಗೇರ್. ಅಂಗಡಿಗಳಲ್ಲಿ ಸಿಗುವ ಡಿರೇಲರ್ (ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಭಾಗ), ಶಿಫ್ಟರ್ (ಹ್ಯಾಂಡಲಿನ ಗೇರ್ ಸ್ವಿಚ್ಚು), 6-7 ಹಂತದ ಫ್ರೀವೀಲ್‌ಗಳಲ್ಲಿ ಬಹುತೇಕ ಎಲ್ಲವೂ ಆಮದು. ಜಪಾನಿನ ಶಿಮಾನೋ, ತೈವಾನಿನ ಮೈಕ್ರೋಶಿಫ್ಟ್, ಚೀನಾದ ಸನ್‌ರನ್, ಎಲ್‌ಟೂ. ಶಿಮಾನೋ ಅಂತ ಬರೆದಿದ್ದರೂ ಆ ತುಂಡು ಜಪಾನಿನಲ್ಲೇ ತಯಾರಾಗಿರಬೇಕೆಂದಿಲ್ಲ, ಸಿಂಗಾಪುರ, ಮಲೇಷ್ಯಾ, ಚೀನಾಗಳಲ್ಲೂ ಅವರ ಕಾರ್ಖಾನೆಗಳಿವೆ.

ಇಷ್ಟು ಸೈಕಲ್ ಮಾಡುವ ದೇಶ ಗೇರ್ ಯಾಕೆ ಮಾಡಲಿಲ್ಲ ಅಂತ ನೀವು ಕೇಳಬಹುದು. ಶಿಮಾನೋ 1921ರಲ್ಲಿ ಸಕಾಯ್ ಎಂಬ ಊರಿನಲ್ಲಿ ಶುರುವಾದಾಗ ಮೊದಲು ಮಾಡಿದ್ದು ಒಂಟಿ ಫ್ರೀವೀಲು. ಲುಧಿಯಾನದಲ್ಲಿ ಇವತ್ತೂ ರಾಶಿ ರಾಶಿ ತಯಾರಾಗುವ ಅದೇ ಸಾಮಾನು. ನಮ್ಮವರು ಅಲ್ಲೇ ನಿಂತರು. ಬುದ್ಧಿ ಸಾಲದೆ ಅಲ್ಲ. ದಶಕಗಳ ಕಾಲ ನಮ್ಮಲ್ಲಿ ಹೋದದ್ದು ಕರಿ ಸೈಕಲ್, ಹಾಲಿನವರಿಗೆ, ಪೋಸ್ಟಿನವರಿಗೆ, ಶಾಲೆ ಮಕ್ಕಳಿಗೆ. ಅದಕ್ಕೆ ಗೇರ್ ಬೇಕಿರಲಿಲ್ಲ, ಅಗ್ಗವಾಗಿರಬೇಕಿತ್ತು. ಗೇರ್ ಸೈಕಲ್ಲಿನ ಕಾಲ ಬರುವ ಹೊತ್ತಿಗೆ ಹೊರಗಿನ ಗೇರ್ ಅಗ್ಗವಾಗಿ ಸಿಗುತ್ತಿತ್ತು. ಸೈಕಲ್ ಕಂಪನಿಗಳು ಅದನ್ನೇ ತಂದು ಜೋಡಿಸಿದವು. ಪೂರ್ತಿ ಸೈಕಲ್ ಆಮದಿನ ಮೇಲಿನ ಸುಂಕವನ್ನು 2023ರ ಬಜೆಟ್ಟಿನಲ್ಲಿ 30ರಿಂದ 35 ಶೇಕಡಾಕ್ಕೆ ಏರಿಸಿದರು. ಅದರಿಂದ ಜೋಡಿಸುವ ಕೆಲಸ ಇಲ್ಲಿ ಉಳಿಯಬಹುದು. ಗೇರಿನ ಕೆಲಸ ಸುಂಕದಿಂದಲೇ ಹುಟ್ಟುವುದಿಲ್ಲ.

ಮಗಳ ಸೈಕಲ್ಲನ್ನು ಪೂರ್ತಿ ದೇಶೀ ಮಾಡಲು ಒಂದು ದಾರಿಯಿದೆ. ಗೇರ್ ಕಳಚಿ, ಒಂಟಿ ಫ್ರೀವೀಲು ಹಾಕಿ, ಮುಂದಿನ ನಡುವಿನ ಚೈನ್‌ವೀಲಿಗೆ ಚೈನ್ ಕಟ್ಟುವುದು. ಫ್ರೇಮಿನ ಹಿಂದಿನ ಕಚ್ಚು ಅಡ್ಡವಾಗಿಯೋ ಓರೆಯಾಗಿಯೋ ಇದ್ದರೆ ಚೈನ್ ಬಿಗಿ ಮಾಡಲು ಆಗುತ್ತದೆ, ನೇರ ಕೆಳಗೆ ಇದ್ದರೆ ಆಗುವುದಿಲ್ಲ. ಕರಾವಳಿಯ ಸಮತಟ್ಟಿನಲ್ಲಿದ್ದರೆ ನಾನೇ ಮಾಡಿಸಿಕೊಳ್ಳಿ ಅನ್ನುತ್ತಿದ್ದೆ. ಬದಿಯಡ್ಕದ ಗುಡ್ಡದಲ್ಲಿ ಶಾಲೆಗೆ ಹೋಗುವ ಹುಡುಗಿಗೆ ಅದು ಬೇಡ. ನಮ್ಮ ತತ್ತ್ವಕ್ಕೆ ಅವಳು ಯಾಕೆ ಸುಮ್ನೆ ಬೆವರಬೇಕು? ಗೇರ್ ಹೊರಗಿನದ್ದೇ ಇರಲಿ, ಉಳಿದದ್ದನ್ನು ನಮ್ಮದು ಮಾಡಿ. ಟಯರು, ಟ್ಯೂಬು, ಕಡ್ಡಿ, ಸೀಟು, ಪೆಡಲು, ಬ್ರೇಕ್ ರಬ್ಬರು, ಕೇಬಲ್, ಮಡ್‌ಗಾರ್ಡು, ಸ್ಟ್ಯಾಂಡು, ಕ್ಯಾರಿಯರು, ಇವೇ ಜಾಸ್ತಿ ಸವೆಯುವ ಭಾಗಗಳು.

ಗೇರ್ ಕೊಳ್ಳುವಾಗ ಅಂಗಡಿಯವರಿಗೆ ಹೇಳಬೇಕಾದ್ದು ಇಷ್ಟು. 21 ಗೇರ್ ಅಂದರೆ ಮುಂದೆ 3, ಹಿಂದೆ 7. ಹಿಂದಿನದ್ದು ಥ್ರೆಡ್ಡಿನಲ್ಲಿ ತಿರುಗಿಸಿ ಕೂರಿಸುವ ಫ್ರೀವೀಲೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಅದರಲ್ಲಿ 14-28 ಹಲ್ಲಿನದ್ದೂ ಬರುತ್ತದೆ, 14-34 ಹಲ್ಲಿನದ್ದೂ ಬರುತ್ತದೆ. ನಮ್ಮ ಗುಡ್ಡಕ್ಕೆ 34ರದ್ದೇ ಬೇಕು. ಅದಕ್ಕೆ ಉದ್ದ ಕೈಯ ಡಿರೇಲರ್ ಬೇಕು. ಫ್ರೇಮಿನಲ್ಲೇ ಡಿರೇಲರ್ ಕೂರುವ ಕಿವಿ ಇದೆಯೋ ಇಲ್ಲವೋ ನೋಡಿ. ಇಲ್ಲದಿದ್ದರೆ ಆಕ್ಸಲ್ ನಟ್ಟಿಗೆ ಸಿಕ್ಕಿಸುವ ಹ್ಯಾಂಗರ್ ಇರುವ ಡಿರೇಲರ್ ಕೇಳಿ. ಚೈನೂ ಬೇರೆ. ಅಟ್ಲಾಸಿನದ್ದು ಒಳಗಿನ ಅಗಲ 1/8 ಇಂಚು, ಮಗಳದ್ದು 3/32 ಇಂಚಿನ ಸಪೂರ ಚೈನು. ಒಂದರದ್ದು ಇನ್ನೊಂದಕ್ಕೆ ಆಗದು.

ಎಲ್ಲಿ ಕೊಳ್ಳುವುದು? ಮೊದಲು ಹತ್ತಿರದ ಹಳೇ ಸೈಕಲ್ ಅಂಗಡಿ. ಕುಂಬಳೆ, ಉಪ್ಪಳ, ಕಾಸರಗೋಡು ಪೇಟೆಯಲ್ಲಿ ಪಂಕ್ಚರ್ ಹಾಕಿಕೊಂಡು ಬಂದ ಹಳಬರನ್ನು ವಿಚಾರಿಸಿ. ಅವರ ಅಟ್ಟದ ಮೇಲೆ ಇರುವುದು ಹೆಚ್ಚಾಗಿ ಲುಧಿಯಾನದ ಸಾಮಾನೇ, ಕೆಲವು ಈಗಿನದ್ದಕ್ಕಿಂತ ಒಳ್ಳೆಯವು. ಹೊಸ ಶೋರೂಮಿನಲ್ಲಿ ಕಾಟರ್ ಪಿನ್ ಕೇಳಿದರೆ ಹುಡುಗರು ಮುಖ ನೋಡುತ್ತಾರೆ. ಆಮೇಲೆ ಮಂಗಳೂರು, ಕುಂಬಳೆಯಿಂದ ರೈಲಿನಲ್ಲಿ ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರಬಹುದು. ಅಲ್ಲಿನ ಸಗಟು ಅಂಗಡಿಯವರಿಗೆ ಹೇಳಿದರೆ ಮುಂದಿನ ಲೋಡಿನಲ್ಲಿ ತರಿಸಿಯೂ ಕೊಡುತ್ತಾರೆ.

ನೇರವಾಗಿ ತರಿಸುವುದಾದರೆ ಲುಧಿಯಾನದ ಗಿಲ್ ರೋಡ್ ಮತ್ತು ದೆಹಲಿಯ ಝಂಡೇವಾಲಾನ್ ಸೈಕಲ್ ಮಾರ್ಕೆಟ್ ಹೆಸರಾದ ಜಾಗಗಳು. ಆದರೆ ಅಲ್ಲಿ ಸಗಟು ಲೆಕ್ಕ. ಕಡ್ಡಿ ಗ್ರೋಸಿನಲ್ಲಿ, ಅಂದರೆ 144ರ ಕಟ್ಟಿನಲ್ಲಿ. ನಿಮ್ಮ ಒಂದು ಸೈಕಲ್ಲಿಗೆ ಬೇಕಾದ್ದು 72, ಅದರಲ್ಲೂ ಮುಂದಿನದ್ದು ಹಿಂದಿನದ್ದು ಒಂದೇ ಉದ್ದ ಇರುವುದಿಲ್ಲ. ಊರಿನಲ್ಲಿ ಇನ್ನೂ ಇಬ್ಬರು ಮೂವರು ಹಳೇ ಸೈಕಲ್ ಇರುವವರನ್ನು ಸೇರಿಸಿಕೊಂಡು, ನಿಮ್ಮ ಪೇಟೆಯ ಅಂಗಡಿಯವರ ಹೆಸರಿನಲ್ಲೇ ತರಿಸಿ. ಅವರಿಗೂ ಸ್ವಲ್ಪ ಲಾಭ ಬಿಡಿ. ಆ ಅಂಗಡಿ ಉಳಿದರೆ ಮುಂದಿನ ಸಲವೂ ನಿಮಗೆ ಕಾಟರ್ ಪಿನ್ ಸಿಗುತ್ತದೆ. ಟಯರನ್ನು ಪಾರ್ಸೆಲಿನಲ್ಲಿ ತರಿಸುವಾಗ ಸುರುಳಿ ಸುತ್ತಿ ಕಳಿಸಿದರೆ ತೊಂದರೆಯಿಲ್ಲ, ಮಡಚಿ ಕಳಿಸಬಾರದು ಎಂದು ಹೇಳಿ. ಒಳಗಿನ ತಂತಿ ಒಮ್ಮೆ ಮುರಿದು ಬಾಗಿದರೆ ಆ ಟಯರು ರಿಮ್ಮಿನ ಮೇಲೆ ಯಾವತ್ತೂ ದುಂಡಗೆ ಕೂರುವುದಿಲ್ಲ.

ಬಿಲ್ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಅದರ ಬಿಡಿಭಾಗಗಳಿಗೂ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ಹಳೇ ದರ ಹಾಕಿದ್ದರೆ ಅಲ್ಲೇ ಕೇಳಿ ಸರಿಮಾಡಿಸಿ.